ಎದೆಮೂಳೆ ಕೂಡುವ ತನಕ ಕೈತೋಟದ ಕೆಲಸ

ಕೇಳುಗರಿಗೆ ನಮಸ್ಕಾರ.

ಬೈಪಾಸ್ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರಿಗೆ ಕೆಲವು ವಾರಗಳಲ್ಲಿ ನಡಿಗೆ ಸಲೀಸಾಗುತ್ತದೆ. ಅಷ್ಟರಲ್ಲಿ ಹಿತ್ತಲಲ್ಲಿ ಕಳೆ ಮೊಳಕಾಲುದ್ದ ಬೆಳೆದಿರುತ್ತದೆ. ಹೊಲಿಗೆ ಒಣಗಿದೆಯಲ್ಲ, ನಾಲ್ಕು ಗಿಡ ಕಿತ್ತರೇನು ಅನಿಸುತ್ತದೆ. ಒಣಗಿರುವುದು ಚರ್ಮ ಮಾತ್ರ. ಹೃದಯ ತಲುಪಲು ಉದ್ದಕ್ಕೆ ಸೀಳಿದ ಎದೆಮೂಳೆಯನ್ನು ಸಾಮಾನ್ಯವಾಗಿ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಲು 6ರಿಂದ 12 ವಾರ ಹಿಡಿಯುತ್ತದೆ. ಸಕ್ಕರೆ ಕಾಯಿಲೆ ಇದ್ದರೆ, ಧೂಮಪಾನ ಬಿಡದಿದ್ದರೆ ಇನ್ನೂ ತಡ. ಮುರಿದ ಕೈಯಾದರೆ ಪಟ್ಟಿ ಹಾಕಿ ಅಲುಗದಂತೆ ಇಡಬಹುದು. ಎದೆಗೆ ಆ ಅನುಕೂಲವಿಲ್ಲ, ಉಸಿರಾಡಲೇಬೇಕಲ್ಲ. ಜೋರಾಗಿ ಎಳೆದಾಗ ಎರಡು ಹೋಳುಗಳೂ ಸರಿದಾಡಿದರೆ ತಂತಿ ಮೂಳೆಯನ್ನೇ ಕೊರೆಯಬಹುದು.

ಭಾರ ಎತ್ತಲು ಸಾಮಾನ್ಯವಾಗಿ ಹೇಳುವ ಮಿತಿ 5 ಕಿಲೋ ಒಳಗೆ. ನಿಮ್ಮ ವೈದ್ಯರು ಇನ್ನೂ ಕಡಿಮೆ ಹೇಳಿದ್ದರೆ ಅದೇ ಲೆಕ್ಕ. ಒಂದು ಲೀಟರ್ ನೀರು ಒಂದು ಕಿಲೋ, ಹಾಗಾಗಿ 10 ಲೀಟರ್ ಬಕೆಟ್ ಅರ್ಧ ತುಂಬಿದರೂ ಮಿತಿ ದಾಟಿತು. ಪೈಪಿನಲ್ಲಿ ನೀರು ಹಾಯಿಸುವುದಾದರೂ ಪೈಪನ್ನು ಮೊದಲೇ ಬೇರೆಯವರು ಹಾಸಿಡಲಿ. ನೀರು ತುಂಬಿದ ಪೈಪನ್ನು ಮೂಲೆ ಸುತ್ತಿ ಎಳೆಯುವುದೂ ಭಾರ ಎತ್ತಿದಂತೆಯೇ.

ಕಳೆಯ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. ಗಿಡ ನೂರು ಗ್ರಾಂ ತೂಗದಿದ್ದರೂ ಬೇರಿನ ಹಿಡಿತ ಗಟ್ಟಿ. ಉಸಿರು ಬಿಗಿಹಿಡಿದು ಒಂದೇ ಕೈಯಲ್ಲಿ ಎಳೆಯುತ್ತಾರೆ. ರಕ್ತದೊತ್ತಡ ಏರುತ್ತದೆ, ಎದೆ ಓರೆಯಾಗಿ ತಿರುಚುತ್ತದೆ. ಬೇರು ತಟಕ್ಕನೆ ಬಂದರೆ ಹಿಂದಕ್ಕೆ ಬೀಳುತ್ತಾರೆ, ನೆಲಕ್ಕೆ ಕೈ ಊರುತ್ತಾರೆ. ಆ ಊರುವುದೇ ದೊಡ್ಡ ಪೆಟ್ಟು. ಆದ್ದರಿಂದ ಮೊದಲ 6 ವಾರ ನೆಲದ ಕಳೆಯ ಗೋಜಿಗೇ ಹೋಗಬೇಡಿ. ಮೇಜಿನ ಮೇಲೆ, ಸೊಂಟದೆತ್ತರಕ್ಕೆ ಇಡಿಸಿದ ಕುಂಡಗಳೇ ಸಾಕು: ಹಣ್ಣೆಲೆ ತೆಗೆಯಬಹುದು, ಬೀಜ ಬಿತ್ತಬಹುದು, ಮೇಲ್ಮಣ್ಣು ಸಡಿಲಿಸಬಹುದು. ಕುಂಡ ತಿರುಗಿಸುವ ಆಸೆ ಬೇಡ, ನೀವೇ ಸುತ್ತಿ ಹೋಗಿ. ವೈದ್ಯರು ಒಪ್ಪಿದ ಮೇಲೆ ಕಳೆಗೆ ಕೈ ಹಾಕುವಾಗ ಹಿಂದಿನ ಸಂಜೆ ಮಣ್ಣು ನೆನೆಸಿಡಿ. ಮರುದಿನ ಬುಡದ ಪಕ್ಕ ಕುರ್ಪಿ ಇಳಿಸಿ ಬೇರು ಸಡಿಲಿಸಿ, ಮೊಣಕೈ ಪಕ್ಕೆಗೆ ತಾಗಿಸಿ, ಎರಡೂ ಕೈಯಲ್ಲಿ, ಉಸಿರು ಬಿಡುತ್ತಾ ಎತ್ತಿ. ಬಾಯಲ್ಲಿ ಎಣಿಸುತ್ತಿದ್ದರೆ ಉಸಿರು ತಾನಾಗಿ ಹೊರಗೆ ಹೋಗುತ್ತದೆ. ಬಾರದಿದ್ದರೆ ನೆಲಮಟ್ಟಕ್ಕೆ ಕತ್ತರಿಸಿ ಬಿಡಿ.

ಕೂರಲು ಗಿಡ್ಡ ಮಣೆ ಬೇಡವೇ ಬೇಡ. ಅದರಿಂದ ಏಳಲು ಕೈ ಊರಲೇಬೇಕಾಗುತ್ತದೆ. ಮೊಣಕಾಲೆತ್ತರದ ಕುರ್ಚಿಯ ಅಂಚಿಗೆ ಜರುಗಿ, ಪಾದ ಹಿಂದಕ್ಕೆಳೆದು, ಕೈ ತೊಡೆಯ ಮೇಲಿಟ್ಟು, ಮುಂದಕ್ಕೆ ಬಾಗಿ ಕಾಲಿನ ಬಲದಿಂದ ಏಳಿ. ಎದ್ದು ಒಂದು ಕ್ಷಣ ನಿಲ್ಲಿ. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಆಗಲೇ ಕಣ್ಣು ಕತ್ತಲೆ ಬರುವುದು.

ನಾಡಿ ಹಿಡಿದು ದಣಿವು ಅಳೆಯಬೇಡಿ. ಮೆಟೊಪ್ರೊಲಾಲ್‌ನಂಥ ಹೃದಯಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಣಿದರೂ ನಾಡಿ ಅಷ್ಟು ಏರುವುದಿಲ್ಲ. ಕೆಲಸ ಮಾಡುತ್ತಾ ಪೂರ್ತಿ ವಾಕ್ಯ ಆಡಲಾಗದೆ ಏದುಸಿರು ಬಂದರೆ ನಿಲ್ಲಿಸಿ. ಮೊದಲ ದಿನ ಹತ್ತು ನಿಮಿಷ ಸಾಕು, ಅದೂ ತಂಪು ಹೊತ್ತಿನಲ್ಲಿ, ಊಟವಾಗಿ ಒಂದು ಗಂಟೆಯಾದರೂ ಕಳೆದ ಮೇಲೆ. ಮರುದಿನ ಎದೆಮೂಳೆಯಲ್ಲಿ ನೋವು ಹೆಚ್ಚಿದ್ದರೆ ಹಿಂದಿನ ದಿನದ್ದು ಜಾಸ್ತಿಯಾಗಿತ್ತು ಎಂದೇ ಅರ್ಥ.

ಒಣ ಅಂಗಳ ಗುಡಿಸಿದರೆ ದೂಳಿಗೆ ಕೆಮ್ಮು, ಸೀನು ಬರುತ್ತದೆ. ಬಂದೇ ಬಂದರೆ ಮಡಚಿದ ಟವೆಲ್ಲನ್ನು ಎದೆಗೆ ಅವುಚಿ ಹಿಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದವರು ಕೈಗವಸು ಹಾಕಿ; ಮುಳ್ಳು ಗೀರಿದರೆ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ, ನಡುವೆ ತೆಗೆದು ನೋಡಬೇಡಿ.

ಎದೆಯೊಳಗೆ ಟಕ್ ಎಂದು ಮೂಳೆ ಸರಿದಂತಾದರೆ, ಹೊಲಿಗೆ ಒಸರಿ ಒದ್ದೆಯಾದರೆ ಅಂದೇ ಆಸ್ಪತ್ರೆಗೆ ಹೋಗಿ. ಎದೆ ಹಿಂಡಿದಂತಾದರೆ ಕೆಲಸ ಬಿಟ್ಟು ಕೂತುಕೊಳ್ಳಿ, ವೈದ್ಯರು ಬರೆದುಕೊಟ್ಟಿದ್ದರೆ ನಾಲಿಗೆಯಡಿ ಮಾತ್ರೆ ಇಟ್ಟುಕೊಳ್ಳಿ. 5 ನಿಮಿಷದಲ್ಲಿ ಇಳಿಯದಿದ್ದರೆ ಆಂಬುಲೆನ್ಸ್ ಕರೆಸಿ. ಮಾತ್ರೆಯೂ ಫೋನೂ ಹಿತ್ತಲಲ್ಲಿ ನಿಮ್ಮ ಜೇಬಿನಲ್ಲೇ ಇರಲಿ.

ಗುದ್ದಲಿ, ಸಲಿಕೆ, ಹಗ್ಗ ಎಳೆದು ಚಾಲೂ ಮಾಡುವ ಹುಲ್ಲು ಕತ್ತರಿಸುವ ಯಂತ್ರ ಎಲ್ಲಕ್ಕಿಂತ ಕೊನೆಗೆ. 12 ವಾರ ಕಳೆದರೂ ವೈದ್ಯರು ಎದೆಮೂಳೆ ಮುಟ್ಟಿ ನೋಡಿ ಗಟ್ಟಿಯಾಗಿದೆ ಎಂದ ಮೇಲೆಯೇ ಅವುಗಳನ್ನು ಕೈಗೆತ್ತಿಕೊಳ್ಳಿ.

ನಮಸ್ಕಾರ.