ಪಿಯುಸಿ ಮುಗಿಸಿದವರಿಗೆ ಇರುವ ಕನ್ನಡ, ಪದವೀಧರರಿಗೆ ಏಕಿಲ್ಲ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಮಾತನಾಡುತ್ತಿದ್ದೇನೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕಾಗಿ 2022ರಿಂದ ನಡೆಯುತ್ತಿರುವ ಸಿಯುಇಟಿ-ಪಿಜಿ ಪರೀಕ್ಷೆ ನಮ್ಮ ಜಿಲ್ಲೆಗಳ ಮಕ್ಕಳಿಗೆ ಮಾಡುತ್ತಿರುವ ಅನ್ಯಾಯದ ಬಗ್ಗೆ ಇಂದು ಹೇಳಲೇಬೇಕಾಗಿದೆ.

ಪಿಯುಸಿ ಮುಗಿಸಿದವರ ಪದವಿ ಪ್ರವೇಶಕ್ಕಾಗಿ ನಡೆಯುವ ಸಿಯುಇಟಿ-ಯುಜಿ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು. ಆದರೆ ಅದೇ ವಿದ್ಯಾರ್ಥಿ ಸರ್ಕಾರಿ ಪದವಿ ಕಾಲೇಜಿನಲ್ಲಿ ಮೂರು ವರ್ಷ ಕನ್ನಡ ಮಾಧ್ಯಮದಲ್ಲೇ ಬಿ.ಎ. ಓದಿ ಎಂ.ಎ. ಸೀಟಿಗೆ ಅರ್ಜಿ ಹಾಕಿದರೆ, ಎರಡೂ ಪರೀಕ್ಷೆಗಳನ್ನು ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರದ ಪ್ರಶ್ನೆಗಳನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಕೊಡುತ್ತದೆ.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಿಂದ ಬಂದು ಇತಿಹಾಸ ಓದಿದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆಯ ಅಶೋಕನ ಶಾಸನಗಳು ಅವಳ ತಾಲ್ಲೂಕಿನಲ್ಲೇ ಇವೆ. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ್ದನ್ನೂ, ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿರುವ ಕದಂಬ ದೊರೆ ಮಯೂರಶರ್ಮನ ಶಾಸನದ ಮಹತ್ವವನ್ನೂ ಅವಳು ಕನ್ನಡದಲ್ಲಿ ಪುಟಗಟ್ಟಲೆ ಬರೆಯಬಲ್ಲಳು. ಪರೀಕ್ಷೆಯಲ್ಲಿ ಅವಳಿಗೆ ಸಿಗುವುದು 75 ಪ್ರಶ್ನೆಗಳಿಗೆ 90 ನಿಮಿಷ, ಅಂದರೆ ಪ್ರಶ್ನೆಯೊಂದಕ್ಕೆ 72 ಸೆಕೆಂಡು. 2024ರಲ್ಲಿ ಇಷ್ಟೇ ಪ್ರಶ್ನೆಗಳಿಗೆ 105 ನಿಮಿಷವಿತ್ತು. ಮರುವರ್ಷ ಅದನ್ನೂ ಕಡಿತಗೊಳಿಸಿದರು. ಪ್ರಶ್ನೆಯ ಇಂಗ್ಲಿಷನ್ನು ಬಿಡಿಸಿಕೊಳ್ಳುವುದರಲ್ಲೇ ಆ ಸಮಯ ಕಳೆದುಹೋಗುತ್ತದೆ, ಅವಸರದಲ್ಲಿ ತಪ್ಪು ಗುರುತಿಸಿದರೆ ಒಂದು ಅಂಕ ಕಳೆಯುತ್ತಾರೆ. ಅಲ್ಲಿ ಅಳತೆಯಾಗುವುದು ಅವಳ ಇತಿಹಾಸಜ್ಞಾನವಲ್ಲ, ಇಂಗ್ಲಿಷ್ ಓದಿನ ವೇಗ.

ಎಂ.ಎ. ಪಾಠ ನಡೆಯುವುದೇ ಇಂಗ್ಲಿಷಿನಲ್ಲಿ, ಆದ್ದರಿಂದ ಪರೀಕ್ಷೆಯೂ ಹಾಗೇ ಇರಲಿ ಎಂದು ವಾದಿಸುವವರಿದ್ದಾರೆ. ಹಾಗಾದರೆ ಪ್ರಶ್ನೆಪತ್ರಿಕೆಯಲ್ಲಿ ಹಿಂದಿ ಏಕಿದೆ? ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಸೀಟಿಗಾಗಿ ಉತ್ತರ ಭಾರತದ ಹಿಂದಿ ಮಾಧ್ಯಮದ ವಿದ್ಯಾರ್ಥಿ ತಾನು ಕಲಿತ ಭಾಷೆಯಲ್ಲೇ ಪ್ರಶ್ನೆ ಓದಬಹುದು, ಓದಬೇಕು ಕೂಡ, ಅದಕ್ಕೆ ನನ್ನ ತಕರಾರಿಲ್ಲ. ಕರ್ನಾಟಕದ ನೆಲದಲ್ಲಿರುವ ಅದೇ ಸೀಟಿಗೆ ಸ್ಪರ್ಧಿಸುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಆ ಅವಕಾಶವಿಲ್ಲವೆಂಬುದು ನನಗೆ ಸಹಿಸಲಾಗದ ಸಂಗತಿ. ಇಂಗ್ಲಿಷ್ ಪಾಠಕ್ಕೆ ಹೊಂದಿಕೊಳ್ಳಲು ಸೀಟು ಸಿಕ್ಕ ಮೇಲೆ ಎರಡು ವರ್ಷಗಳಿವೆ. ಬಾಗಿಲಲ್ಲೇ ತಡೆದರೆ ಅವಳು ಹೊಂದಿಕೊಳ್ಳುವುದಾದರೂ ಎಲ್ಲಿ?

ಅನುವಾದ ಕಷ್ಟ ಎಂಬ ನೆಪವೂ ನಿಲ್ಲುವುದಿಲ್ಲ, ಏಕೆಂದರೆ ಪದವಿ ಪ್ರವೇಶಕ್ಕೆ ಆ ಕೆಲಸವನ್ನು ಈಗಾಗಲೇ ಮಾಡುತ್ತಿದ್ದಾರೆ. ಎಲ್ಲ ವಿಷಯಗಳಿಗೂ ಒಮ್ಮೆಲೇ ಆಗದಿದ್ದರೆ ನಮ್ಮ ಕಾಲೇಜುಗಳಲ್ಲಿ ಕನ್ನಡದಲ್ಲೇ ಕಲಿಸುವ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳಿಂದ ಆರಂಭಿಸಲಿ. ದಾವಣಗೆರೆ ಮತ್ತು ಚಿತ್ರದುರ್ಗದ ಸಂಸದರು ಮುಂದಿನ ಅಧಿಸೂಚನೆ ಹೊರಬೀಳುವ ಮೊದಲೇ ಈ ಬೇಡಿಕೆಯನ್ನು ಶಿಕ್ಷಣ ಸಚಿವಾಲಯದ ಮುಂದೆ ಲಿಖಿತವಾಗಿ ಇಡಬೇಕು. ಪದವಿ ಕಾಲೇಜುಗಳ ಅಧ್ಯಾಪಕರು ಆ ಪತ್ರಕ್ಕೆ ಸಹಿ ಹಾಕಿ ಜೊತೆಗೆ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ.