ಕಾರ್ಮೆನ್ ಏಕೆ ಸುಳ್ಳು ಹೇಳಲಿಲ್ಲ?

ನಮಸ್ಕಾರ. ಈಗ ನೀವು ನೋಡುತ್ತಿರುವ ಈ ಉದ್ದನೆಯ ಕಲ್ಲಿನ ಕಟ್ಟಡ ಸ್ಪೇನ್ ದೇಶದ ಸೆವಿಲ್ ನಗರದಲ್ಲಿದೆ. ಇಂದು ಇದು ಸೆವಿಲ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಹೆಗಲಿಗೆ ಚೀಲ ಹಾಕಿಕೊಂಡ ವಿದ್ಯಾರ್ಥಿಗಳು ಇದರ ದೊಡ್ಡ ಬಾಗಿಲಿನಿಂದ ಹೋಗಿ ಬರುತ್ತಿದ್ದಾರೆ. ಆದರೆ 18ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದ್ದು ಅರಸರ ಹೊಗೆಸೊಪ್ಪಿನ ಕಾರ್ಖಾನೆಯಾಗಿ. ಕೋಟೆಗೆ ಇರುವಂತೆ ಇದಕ್ಕೂ ಕಂದಕವಿದೆ, ಏಕೆಂದರೆ ಅಂದಿನ ಸರ್ಕಾರಕ್ಕೆ ಹೊಗೆಸೊಪ್ಪು ಎಂದರೆ ಬೊಕ್ಕಸದ ಹಣವೇ ಆಗಿತ್ತು. 19ನೇ ಶತಮಾನದಲ್ಲಿ ಸಾವಿರಾರು ಹೆಂಗಸರು ಈ ಕಮಾನುಗಳ ಕೆಳಗೆ ಕುಳಿತು ಸಿಗಾರ್ ಸುತ್ತಿ ತಮ್ಮ ಸಂಸಾರವನ್ನು ತಾವೇ ಸಾಕುತ್ತಿದ್ದರು. ಸ್ವಂತ ದುಡಿಮೆಯ ಕಾಸನ್ನು ಸ್ವಂತ ಕೈಯಲ್ಲಿ ಹಿಡಿದ ಆ ಹೆಂಗಸರ ನಡುವಿನಿಂದಲೇ ಒಪೆರಾ ಎಂಬ ಪಾಶ್ಚಾತ್ಯ ಸಂಗೀತ ನಾಟಕ ಲೋಕದ ಅತ್ಯಂತ ಪ್ರಸಿದ್ಧ ನಾಯಕಿ ಹೊರಗೆ ಬರುತ್ತಾಳೆ. ಅವಳ ಹೆಸರು ಕಾರ್ಮೆನ್, ಒಪೆರಾದ ಹೆಸರೂ ಅದೇ.

ಈ ಸಂಚಿಕೆಯಲ್ಲಿ ನಾನು ನಿಮ್ಮನ್ನು ಈ ಕಾರ್ಖಾನೆಯ ಬಾಗಿಲಿನಿಂದ ನದಿಯ ದಂಡೆಯಲ್ಲಿರುವ ಗೂಳಿ ಕಾಳಗದ ಅಖಾಡದವರೆಗೆ ಕರೆದುಕೊಂಡು ಹೋಗುತ್ತೇನೆ. ನಡೆದು ಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಒಪೆರಾದ ಮೊದಲ ಅಂಕ ನಡೆಯುವುದು ಇಲ್ಲಿ, ಕೊನೆಯ ಅಂಕ ನಡೆಯುವುದು ಅಲ್ಲಿ. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಒಂದು ಸಣ್ಣ ಸುಳ್ಳು ಹೇಳಿದ್ದರೆ ಬದುಕಿಕೊಳ್ಳಬಹುದಾಗಿದ್ದ ಈ ಹೆಂಗಸು ಆ ಸುಳ್ಳನ್ನು ಏಕೆ ಹೇಳಲಿಲ್ಲ?

ಕಥೆ ಹುಟ್ಟಿದ್ದು ಫ್ರೆಂಚ್ ಲೇಖಕ ಪ್ರೊಸ್ಪೆರ್ ಮೆರಿಮೆ ಅವರ ಕೈಯಲ್ಲಿ. 1830ರಲ್ಲಿ ಸ್ಪೇನ್ ಪ್ರವಾಸ ಮಾಡಿದಾಗ ಮೊಂತಿಹೋ ಕೌಂಟೆಸ್ ಅವರಿಂದ ಕೇಳಿದ ಒಂದು ಘಟನೆಯನ್ನು ಅವರು ಬೆಳೆಸಿ, 1845ರಲ್ಲಿ ಕಿರುಕಾದಂಬರಿಯಾಗಿ ಪ್ರಕಟಿಸಿದರು. ಅದರಲ್ಲಿ ಮರಣದಂಡನೆಗೆ ಕಾಯುತ್ತಿರುವ ಹೋಸೆ ಎಂಬವನು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಾನೆ. ಅಂದರೆ ಓದುಗರಾದ ನಾವು ಕಾರ್ಮೆನ್‌ಳನ್ನು ಬಹುಪಾಲು ಅವಳನ್ನು ಕೊಂದವನ ಬಾಯಿಂದಲೇ ತಿಳಿಯುತ್ತೇವೆ. ಆನ್ರಿ ಮೆಯಾಕ್ ಮತ್ತು ಲುಡೊವಿಕ್ ಅಲೆವಿ ಇದನ್ನು ರಂಗಕ್ಕೆ ಅಳವಡಿಸಿದಾಗ, ಜಾರ್ಜ್ ಬಿಜೆ ಅದಕ್ಕೆ ಸಂಗೀತ ಕೂಡಿಸಿದಾಗ, ಬಹಳ ದೊಡ್ಡದೊಂದು ಬದಲಾವಣೆ ತಾನಾಗಿಯೇ ಆಯಿತು. ಇಲ್ಲಿ ಕಾರ್ಮೆನ್‌ಗೆ ಸ್ವಂತ ಧ್ವನಿ ಸಿಕ್ಕಿತು. ಅವಳ ಪರವಾಗಿ ಹೋಸೆ ಮಾತನಾಡುವ ಅಗತ್ಯವೇ ಉಳಿಯಲಿಲ್ಲ.

ಆ ಧ್ವನಿಯನ್ನು ನಾವು ಮೊದಲು ಕೇಳುವುದು ಈ ಬಾಗಿಲಿನ ಎದುರಿನ ಚೌಕದಲ್ಲಿ. ಗಂಟೆ ಬಾರಿಸುತ್ತದೆ, ಕೆಲಸದ ಹೆಂಗಸರು ಸಿಗರೇಟು ಸೇದುತ್ತ ಹೊರಗೆ ಬರುತ್ತಾರೆ, ಕಾದು ನಿಂತಿದ್ದ ಗಂಡಸರೆಲ್ಲ ಕಾರ್ಮೆನ್‌ಳನ್ನು ಮುತ್ತಿಕೊಂಡು, ನಮ್ಮನ್ನು ಯಾವಾಗ ಪ್ರೀತಿಸುತ್ತೀಯೆ ಎಂದು ಕೇಳುತ್ತಾರೆ. ಆಗ ಅವಳು ಹಾಡುವ ಹಾಡೇ ಜಗತ್ತಿಗೆಲ್ಲ ಗೊತ್ತಿರುವ ಹಬನೇರಾ. ಒಪೆರಾ ಎಂಬ ಪದವನ್ನೇ ಕೇಳದವರು ಕೂಡ ಎಲ್ಲೋ ಒಂದು ಜಾಹೀರಾತಿನಲ್ಲಾದರೂ ಈ ರಾಗವನ್ನು ಕೇಳಿರುತ್ತಾರೆ. ಚೆಲ್ಲೋ ವಾದ್ಯಗಳು ಒಂದೇ ಲಯವನ್ನು ಬಿಡದೆ ಹಿಡಿದಿರುತ್ತವೆ. ಅದರ ಮೇಲೆ ಅವಳ ದನಿ ಮೇಲಿನ ಷಡ್ಜದಿಂದ ಒಂದೊಂದೇ ಅರ್ಧಸ್ವರವಾಗಿ ಜಾರುತ್ತ ಕೆಳಗಿಳಿಯುತ್ತದೆ. ಪ್ರೀತಿ ಯಾರ ಕೈಗೂ ಪಳಗದ ಹಕ್ಕಿ, ಅದಕ್ಕೆ ಯಾವ ಕಾನೂನೂ ಗೊತ್ತಿಲ್ಲ ಎಂಬುದು ಹಾಡಿನ ಸಾರ. ಈ ರಾಗ ಬಿಜೆ ಅವರ ಸ್ವಂತದ್ದಲ್ಲ. ಸ್ಪೇನ್‌ನ ಸೆಬಾಸ್ಟಿಯನ್ ಇರಾದಿಯೆರ್ ರಚಿಸಿದ ಗೀತೆಯೊಂದನ್ನು ಜನಪದ ಗೀತೆಯೆಂದು ಭಾವಿಸಿ ಅವರು ಬಳಸಿಕೊಂಡಿದ್ದರು, ನಿಜ ತಿಳಿದ ಮೇಲೆ ಅಚ್ಚಾದ ಸ್ವರಪುಸ್ತಕದಲ್ಲಿ ಅದನ್ನು ಒಪ್ಪಿಕೊಂಡರು. ಬಿಜೆ ಸ್ಪೇನ್‌ಗೆ ಕಾಲಿಟ್ಟವರೂ ಅಲ್ಲ. ಈ ಬೀದಿ, ಈ ಬಿಸಿಲು, ಈ ಕಾರ್ಖಾನೆ ಎಲ್ಲವನ್ನೂ ಅವರು ಪ್ಯಾರಿಸ್‌ನಲ್ಲಿ ಕುಳಿತೇ ಕಲ್ಪಿಸಿಕೊಂಡರು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಕಾರ್ಮೆನ್ ಜಿಪ್ಸಿಗಳೆಂದು ಕರೆಸಿಕೊಂಡ ರೋಮಾ ಸಮುದಾಯದವಳು. ಕಳ್ಳಸಾಗಣೆ, ಕಣಿ ಹೇಳುವುದು, ಗಂಡಸರನ್ನು ಮರುಳು ಮಾಡುವುದು ಎಂದು ಯುರೋಪು ಆ ಸಮುದಾಯಕ್ಕೆ ಅಂಟಿಸಿದ ಹಣೆಪಟ್ಟಿಗಳನ್ನೆಲ್ಲ ಈ ಕೃತಿಯೂ ಹೊತ್ತುಕೊಂಡಿದೆ. ಇದನ್ನು ಮರೆತು ಈ ಒಪೆರಾವನ್ನು ಹೊಗಳುವುದು ನನ್ನಿಂದಾಗದು. ಹೊರಗಿನವರು ಹೊಲಿದ ಆ ವೇಷದೊಳಗೆ ಇಷ್ಟು ಸತ್ಯವಾದ ಒಬ್ಬ ವ್ಯಕ್ತಿ ಹೇಗೆ ಉಳಿದುಕೊಂಡಳು ಎಂಬುದೇ ನನಗೆ ಆಶ್ಚರ್ಯ.

ಚೌಕದಲ್ಲಿದ್ದ ಗಂಡಸರಲ್ಲಿ ಅವಳ ಕಡೆ ಕಣ್ಣೆತ್ತಿಯೂ ನೋಡದವನು ಒಬ್ಬನೇ, ಕಾವಲಿನ ಸೈನಿಕ ಡಾನ್ ಹೋಸೆ. ಅವನ ಊರಿನಲ್ಲಿ ತಾಯಿ ಇದ್ದಾಳೆ. ತಾಯಿ ಸಾಕಿದ, ಅವನನ್ನೇ ಮದುವೆಯಾಗಲೆಂದು ಬಯಸಿದ ಮಿಕಾಯೆಲಾ ಎಂಬ ಹುಡುಗಿ ಇದ್ದಾಳೆ. ಕಾರ್ಮೆನ್ ಒಂದು ಹೂವನ್ನು ತೆಗೆದು ಅವನತ್ತ ಎಸೆಯುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ಕಾರ್ಖಾನೆಯೊಳಗೆ ಜಗಳವಾಗಿ ಇನ್ನೊಬ್ಬಳನ್ನು ಚಾಕುವಿನಿಂದ ಗಾಯಗೊಳಿಸಿದ ಕಾರ್ಮೆನ್‌ಳನ್ನು ಸೆರೆಮನೆಗೆ ಒಯ್ಯುವ ಕೆಲಸ ಅವನ ಪಾಲಿಗೇ ಬರುತ್ತದೆ, ಅವನು ಅವಳ ಕೈಕಟ್ಟು ಸಡಿಲಿಸಿ ಬಿಟ್ಟುಬಿಡುತ್ತಾನೆ, ಅದಕ್ಕಾಗಿ ತಾನೇ ಸೆರೆ ಸೇರುತ್ತಾನೆ.

ನನಗೆ ಈ ಇಡೀ ಒಪೆರಾದ ಬೀಗದ ಕೈ ಇರುವುದು ಎರಡನೆಯ ಅಂಕದಲ್ಲಿ. ಸೆರೆಯಿಂದ ಬಿಡುಗಡೆಯಾದ ಹೋಸೆ, ಲಿಯಾಸ್ ಪಾಸ್ತಿಯಾ ಎಂಬವನ ಹೆಂಡದಂಗಡಿಗೆ ಕಾರ್ಮೆನ್‌ಳನ್ನು ಹುಡುಕಿಕೊಂಡು ಬರುತ್ತಾನೆ. ಅವಳು ಅವನೊಬ್ಬನಿಗಾಗಿ ಕೈತಾಳ ಹಿಡಿದು ಕುಣಿಯತೊಡಗುತ್ತಾಳೆ. ಅವಳು ಹಾಡುತ್ತಿರುವಾಗಲೇ ದೂರದಲ್ಲಿ ಸೈನಿಕರನ್ನು ಠಾಣ್ಯಕ್ಕೆ ಕರೆಯುವ ಕಹಳೆ ಮೊಳಗುತ್ತದೆ. ಬಿಜೆ ಈ ಎರಡನ್ನೂ ಒಂದರ ಮೇಲೊಂದು ಹೆಣೆದಿದ್ದಾರೆ: ಕುಣಿತದ ರಾಗವೂ ನಿಲ್ಲುವುದಿಲ್ಲ, ಕಹಳೆಯೂ ನಿಲ್ಲುವುದಿಲ್ಲ, ಎರಡೂ ಸ್ವರ ತಪ್ಪದೆ ಹೊಂದಿಕೊಳ್ಳುತ್ತವೆ. ಕೇಳುವ ಕಿವಿಗೆ ಇಷ್ಟು ಸೊಗಸಾಗಿ ಕೂಡುವ ಈ ಎರಡು ದನಿಗಳು ಹೋಸೆಯ ಬದುಕಿನಲ್ಲಿ ಮಾತ್ರ ಕೂಡಲಾರವು. ಅವನು ಕುಣಿತವನ್ನು ನಿಲ್ಲಿಸಿ, ನಾನು ಹಾಜರಿಗೆ ಹೋಗಬೇಕು ಎನ್ನುತ್ತಾನೆ. ಕಾರ್ಮೆನ್ ಸಿಡಿದೇಳುತ್ತಾಳೆ, ಕಹಳೆಯ ದನಿಯನ್ನು ಅಣಕಿಸುತ್ತಾಳೆ.

ಆಗ ಹೋಸೆ ಎದೆಯ ಬಳಿ ಜೋಪಾನ ಮಾಡಿದ್ದ ಆ ಹಳೆಯ ಹೂವನ್ನು ಹೊರತೆಗೆದು ಹಾಡುತ್ತಾನೆ. ಒಣಗಿಹೋದ ಹೂವು ಸೆರೆಮನೆಯಲ್ಲೂ ತನ್ನ ಪರಿಮಳವನ್ನು ಬಿಡಲಿಲ್ಲ ಎಂದು ಶುರುವಾಗುವ ಈ ಹಾಡು ಟೆನರ್ ಎಂಬ ಎತ್ತರದ ಗಂಡು ದನಿಯ ಗಾಯಕರ ಪಾಲಿನ ದೊಡ್ಡ ಪರೀಕ್ಷೆ. ನೀನು ಒಮ್ಮೆ ನನ್ನತ್ತ ನೋಡಿದ್ದೇ ಸಾಕಾಯಿತು, ನಾನು ನಿನ್ನದೊಂದು ವಸ್ತುವಾಗಿಬಿಟ್ಟೆ ಎಂದು ಅವನು ಹೇಳುತ್ತಾನೆ. ಸಭಾಂಗಣದಲ್ಲಿ ಈ ಸಾಲಿಗೆ ಕರಗದವರು ವಿರಳ; ನಾನೂ ಪ್ರತಿಸಲ ಕರಗುತ್ತೇನೆ. ಆದರೂ ಆ ಮಾತನ್ನು ನಿಂತು ಕೇಳಿ. ಪ್ರೀತಿಯಲ್ಲಿ ಒಬ್ಬರು ಇನ್ನೊಬ್ಬರ ವಸ್ತುವಾಗಬಹುದೆಂದು ನಂಬಿದವನು, ಇಂದು ತನ್ನನ್ನು ವಸ್ತು ಎಂದುಕೊಂಡವನು, ನಾಳೆ ಅವಳನ್ನೂ ವಸ್ತು ಎಂದುಕೊಳ್ಳದೆ ಇರುತ್ತಾನೆಯೇ? ಹಾಡು ಮುಗಿದಾಗ ಕಾರ್ಮೆನ್ ಹೇಳುವುದು ಒಂದೇ ಮಾತು: ಇಲ್ಲ, ನೀನು ನನ್ನನ್ನು ಪ್ರೀತಿಸುವುದಿಲ್ಲ. ಕಟುವಾಗಿ ಕೇಳಿಸುವ ಈ ಉತ್ತರದಲ್ಲಿ ಅವಳ ಕಿವಿಯ ಸೂಕ್ಷ್ಮವಿದೆ ಎಂದು ನನಗೆ ಅನ್ನಿಸುತ್ತದೆ.

ಹೋಸೆ ಅವಳ ಮಾತಿಗೆ ಒಪ್ಪಿ ಸೈನ್ಯವನ್ನು ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಅವನು ಹೊರಟೇಬಿಟ್ಟಿದ್ದ. ಅಷ್ಟರಲ್ಲಿ ಅವನ ಮೇಲಧಿಕಾರಿ ಸುನಿಗಾ ಕಾರ್ಮೆನ್‌ಳ ಆಸೆಯಿಂದ ಅಲ್ಲಿಗೆ ಬರುತ್ತಾನೆ, ಹೋಸೆ ಹೊಟ್ಟೆಕಿಚ್ಚಿನಿಂದ ಅವನ ಮೇಲೆ ಕತ್ತಿ ಹಿರಿಯುತ್ತಾನೆ, ಹಿಂದಿರುಗುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ. ಇನ್ನು ನೀನು ನಮ್ಮವನೇ ತಾನೆ ಎಂದು ಕಾರ್ಮೆನ್ ಕೇಳಿದಾಗ, ಬೇರೆ ದಾರಿಯೇನಿದೆ ಎಂದು ಅವನು ನಿಟ್ಟುಸಿರು ಬಿಡುತ್ತಾನೆ. ಅದರ ಹಿಂದೆಯೇ ಕಾರ್ಮೆನ್‌ಳ ಗುಂಪಿನ ಕಳ್ಳಸಾಗಣೆಗಾರರೆಲ್ಲರೂ ಸೇರಿ ಸ್ವಾತಂತ್ರ್ಯದ ಹಾಡನ್ನು ಎತ್ತುತ್ತಾರೆ. ಅದೇ ಹಾಡಿನಲ್ಲಿ ಕಾರ್ಮೆನ್‌ಳ ದನಿಯೂ ಇದೆ, ಹೋಸೆಯ ದನಿಯೂ ಇದೆ. ಅವಳಿಗೆ ಅದು ಉಸಿರು, ಅವನಿಗೆ ಅದು ಶಿಕ್ಷೆ.

ಮೂರನೆಯ ಅಂಕದ ಬೆಟ್ಟದ ದೃಶ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಷ್ಟು ಹೊತ್ತಿಗೆ ಕಾರ್ಮೆನ್‌ಗೆ ಹೋಸೆ ಸಾಕಾಗಿದ್ದಾನೆ, ಈ ಕಸುಬು ನಿನಗೆ ಒಗ್ಗುವುದಿಲ್ಲ, ಊರಿಗೆ ಹೋಗು ಎಂದು ನೇರವಾಗಿ ಹೇಳಿಯೂ ಇದ್ದಾಳೆ. ಗೆಳತಿಯರು ಇಸ್ಪೀಟಿನ ಎಲೆಗಳಲ್ಲಿ ಭವಿಷ್ಯ ನೋಡುವಾಗ ಒಬ್ಬಳಿಗೆ ಪ್ರಣಯ, ಇನ್ನೊಬ್ಬಳಿಗೆ ಹಣ ಕಾಣುತ್ತದೆ, ಕಾರ್ಮೆನ್‌ಗೆ ಮಾತ್ರ ಮತ್ತೆ ಮತ್ತೆ ಸಾವಿನ ಎಲೆಯೇ ಬರುತ್ತದೆ: ಮೊದಲು ತಾನು, ಆಮೇಲೆ ಅವನು. ಒಪೆರಾದ ಪೀಠಿಕಾ ಸಂಗೀತದಲ್ಲೇ ವಿಧಿಯನ್ನು ಸೂಚಿಸುವ ಒಂದು ಸ್ವರಗುಚ್ಛ ಕೇಳಿಸುತ್ತದೆ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ ಅದು ಸ ನಿ ದ ನಿ ಪ, ಮಾಯಾಮಾಳವಗೌಳ ರಾಗದ ನಿಷಾದ ಮತ್ತು ಧೈವತದ ನಡುವೆ ಇರುವ ಅದೇ ಅಂತರ. ಸರಳೆ ವರಸೆ ಹಾಡಿ ಬೆಳೆದ ಕಿವಿಗೆ ಆ ಅಂತರ ತೀರ ಪರಿಚಿತ. ಪ್ಯಾರಿಸ್ ಸಭಿಕರಿಗೆ ಅದೇ ಸ್ವರಗಳು ಅಪರಿಚಿತವೂ ಅಪಾಯಕಾರಿಯೂ ಆಗಿ ಕೇಳಿಸುವಂತೆ ಬಿಜೆ ಅವನ್ನು ಬಳಸಿದ್ದಾರೆ. ಹೋಸೆ ಅವಳನ್ನು ಹಿಡಿದುಕೊಂಡು, ನಿನ್ನ ಬದುಕನ್ನು ನನ್ನ ಬದುಕಿಗೆ ಬಿಗಿದ ವಿಧಿಗೆ ನೀನು ತಲೆಬಾಗುವಂತೆ ಮಾಡುತ್ತೇನೆ ಎಂದು ಗುಡುಗುವುದು ಈ ಅಂಕದಲ್ಲೇ. ನಾನು ನಿನ್ನ ವಸ್ತು ಎಂದವನು ಒಂದೇ ಅಂಕದೊಳಗೆ ಎಲ್ಲಿಗೆ ಬಂದು ಮುಟ್ಟಿದ ನೋಡಿ. ಮಿಕಾಯೆಲಾ ತಂದ ತಾಯಿಯ ಕೊನೆಗಾಲದ ಸುದ್ದಿಯೊಂದೇ ಅವನನ್ನು ಅಲ್ಲಿಂದ ಕದಲಿಸುತ್ತದೆ.

ಇದೆಲ್ಲ ಮೊದಲು ರಂಗಕ್ಕೆ ಬಂದದ್ದು 1875ರ ಮಾರ್ಚ್ 3ರಂದು, ಪ್ಯಾರಿಸ್‌ನ ಒಪೆರಾ-ಕೊಮಿಕ್ ರಂಗಮಂದಿರದಲ್ಲಿ. ಅಲ್ಲಿನ ಪದ್ಧತಿ ನಮ್ಮ ಕಂಪನಿ ನಾಟಕಗಳಂತೆ: ಮಾತು, ಮಾತಿನ ನಡುವೆ ಹಾಡು. ಮನೆಮಂದಿಯೆಲ್ಲ ಕೂಡಿ ಬರುವ, ಹೆಣ್ಣು–ಗಂಡು ತೋರಿಸಿ ಸಂಬಂಧ ಕುದುರಿಸುವ ಆ ಮಂದಿರದಲ್ಲಿ ರಂಗದ ಮೇಲೆ ಕೊಲೆ ನಡೆಯುವುದು ಸಲ್ಲದೆಂದು ನಿರ್ದೇಶಕರಲ್ಲೊಬ್ಬರಾದ ಅಡೋಲ್ಫ್ ಡಿ ಲುವೆನ್ ಮೊದಲಿನಿಂದಲೂ ವಿರೋಧಿಸಿದ್ದರು. ಅವರು ಹುದ್ದೆ ಬಿಟ್ಟದ್ದಕ್ಕೆ ಇದೂ ಕಾರಣ. ಸಾಲಾಗಿ ನಿಂತು ಹಾಡಿ ರೂಢಿಯಿದ್ದ ಮೇಳದ ಹೆಂಗಸರು, ಸಿಗರೇಟು ಸೇದುತ್ತ ಜಗಳವಾಡುತ್ತ ಹಾಡಲು ಆಗುವುದಿಲ್ಲವೆಂದು ಹಟ ಹಿಡಿದರು. ಅಂತ್ಯವನ್ನು ಮೆದುಗೊಳಿಸಬೇಕೆಂಬ ಒತ್ತಡ ಬಂದಾಗ ಬಿಜೆ ಅವರ ಪಕ್ಕದಲ್ಲಿ ಗಟ್ಟಿಯಾಗಿ ನಿಂತವರಲ್ಲಿ ಮೊದಲ ಕಾರ್ಮೆನ್ ಸೆಲೆಸ್ಟಿನ್ ಗಲ್ಲಿ-ಮಾರಿಯೆ ಒಬ್ಬರು. ಮೊದಲ ಪ್ರದರ್ಶನದಲ್ಲಿ ಅಂಕದಿಂದ ಅಂಕಕ್ಕೆ ಸಭೆ ತಣ್ಣಗಾಗುತ್ತ ಹೋಯಿತು, ಪತ್ರಿಕೆಗಳು ನಾಯಕಿಯ ನಡತೆಯನ್ನು ಹಳಿದವು. ಅದಾದ ಮೂರೇ ತಿಂಗಳಿಗೆ, ಜೂನ್ 3ರಂದು, ಬಿಜೆ ತೀರಿಕೊಂಡರು. ಅವರಿಗೆ ಆಗ 36 ವರ್ಷ. ಅದೇ ಅಕ್ಟೋಬರ್‌ನಲ್ಲಿ, ಎರ್ನೆಸ್ಟ್ ಗಿರೋ ಅವರು ಮಾತಿನ ಭಾಗಗಳಿಗೆ ಹಾಕಿದ ಸಂಗೀತವನ್ನು ಭಾಗಶಃ ಬಳಸಿಕೊಂಡ ರೂಪದಲ್ಲಿ, ವಿಯೆನ್ನಾ ನಗರ ಈ ಕೃತಿಯನ್ನು ಎತ್ತಿ ಮೆರೆಸಿತು. ಹತ್ತು ವರ್ಷಗಳಲ್ಲಿ ಇದು ಜಗತ್ತಿನ ಅತ್ಯಂತ ಜನಪ್ರಿಯ ಒಪೆರಾ ಆಗುತ್ತದೆಂದು 1880ರಲ್ಲಿ ರಷ್ಯಾದ ಸಂಗೀತ ರಚನಕಾರ ಚೈಕೊವ್‌ಸ್ಕಿ ಬರೆದರು. ಅದನ್ನು ಕಾಣಲು ಬಿಜೆ ಇರಲಿಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಆಗುತ್ತದೆ.

ಈಗ ನಾವು ಗ್ವಾದಲ್ಕಿವಿರ್ ನದಿಯ ದಂಡೆಗೆ ಬಂದಿದ್ದೇವೆ. ಬಿಳಿ ಗೋಡೆಗೆ ಹಳದಿ ಅಂಚು ಬಳಿದ ಈ ಕಟ್ಟಡವೇ ಮಾಯೆಸ್ತ್ರಾನ್ಸಾ, ಗೂಳಿ ಕಾಳಗದ ಅಖಾಡ. ರಸ್ತೆಯ ಈಚೆ ಬದಿಯಲ್ಲಿ ಅಖಾಡದತ್ತ ಮುಖಮಾಡಿ ನಿಂತಿರುವ ಕಂಚಿನ ಹೆಂಗಸು ಕಾರ್ಮೆನ್. ಮೆರಿಮೆಯವರ ಕಥೆಯಲ್ಲಿ ಕೊಲೆ ನಡೆಯುವುದು ಯಾರೂ ಇಲ್ಲದ ಕಣಿವೆಯಲ್ಲಿ. ಒಪೆರಾ ಅದನ್ನು ಹಬ್ಬದ ಜನಜಂಗುಳಿಯ ಪಕ್ಕಕ್ಕೆ, ಅಖಾಡದ ಬಾಗಿಲಿಗೆ ತಂದಿತು.

ಒಳಗೆ ಕಾಳಗಕ್ಕೆ ಇಳಿದಿರುವವನು ಎಸ್ಕಮೀಯೊ, ಕಾರ್ಮೆನ್ ಈಗ ಪ್ರೀತಿಸುತ್ತಿರುವವನು. ಹೋಸೆ ಗುಂಪಿನಲ್ಲಿ ಅಡಗಿದ್ದಾನೆ, ಇಲ್ಲಿಂದ ಹೊರಟುಬಿಡು ಎಂದು ಗೆಳತಿಯರು ಎಚ್ಚರಿಸುತ್ತಾರೆ. ಅವನೆದುರು ನಡುಗುವವಳು ನಾನಲ್ಲ, ಮಾತಾಡಿಯೇ ಬರುತ್ತೇನೆ ಎಂದು ಕಾರ್ಮೆನ್ ಒಬ್ಬಳೇ ಹೊರಗೆ ನಿಲ್ಲುತ್ತಾಳೆ. ಹೋಸೆ ಮೊದಲು ಬೆದರಿಸುವುದಿಲ್ಲ, ಬೇಡುತ್ತಾನೆ. ಹಾಗಾದರೆ ನೀನು ನನ್ನನ್ನು ಪ್ರೀತಿಸುವುದಿಲ್ಲವೇ ಎಂದು ಅವನು ಕೇಳುವ ಕ್ಷಣದಲ್ಲಿ ಅವಳ ಬದುಕು ಒಂದು ಶಬ್ದದ ಮೇಲೆ ನಿಂತಿದೆ. ಪ್ರೀತಿಸುತ್ತೇನೆ ಎಂದು ಬಾಯಿಮಾತಿಗೆ ಹೇಳಿ, ಸಂಜೆಯ ಗುಂಪಿನಲ್ಲಿ ಕರಗಿಹೋಗಿದ್ದರೆ ಅವಳು ಉಳಿಯುತ್ತಿದ್ದಳು. ಮೊದಲ ಅಂಕದಲ್ಲಿ ಸೆರೆ ತಪ್ಪಿಸಿಕೊಳ್ಳಲು ಇದೇ ಹೋಸೆಯನ್ನು ಪುಸಲಾಯಿಸಿದವಳಿಗೆ ಆ ಸುಳ್ಳು ಕಷ್ಟವೇನಲ್ಲ. ಆದರೆ ಅವಳು ಇಲ್ಲ ಎನ್ನುತ್ತಾಳೆ. ಸ್ವತಂತ್ರಳಾಗಿ ಹುಟ್ಟಿದವಳು ಸ್ವತಂತ್ರಳಾಗಿಯೇ ಸಾಯುತ್ತಾಳೆ ಎನ್ನುತ್ತಾಳೆ. ಒಳಗಿನಿಂದ ಜಯಘೋಷ ಕೇಳಿ ಬಾಗಿಲತ್ತ ಓಡುವವಳನ್ನು ಅವನು ಅಡ್ಡಗಟ್ಟಿದಾಗ, ಅವನೇ ಕೊಟ್ಟಿದ್ದ ಉಂಗುರವನ್ನು ಕಿತ್ತೆಸೆಯುತ್ತಾಳೆ. ಅವನು ಇರಿಯುತ್ತಾನೆ.

ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇದು. ದೇಹಕ್ಕೆ ಬಿದ್ದ ಹಗ್ಗವನ್ನು ಬಿಡಿಸಿಕೊಳ್ಳಲು ಅವಳು ಎಷ್ಟು ಸುಳ್ಳನ್ನಾದರೂ ಹೇಳಬಲ್ಲಳು. ತಾನು ಯಾರನ್ನು ಪ್ರೀತಿಸುತ್ತೇನೆ ಎಂಬುದರ ಬಗ್ಗೆ ಭಯಕ್ಕೆ ಬಿದ್ದು ಸುಳ್ಳು ಹೇಳಿದರೆ, ಆ ಹಗ್ಗವನ್ನು ತಾನೇ ಕೊರಳಿಗೆ ಹಾಕಿಕೊಂಡಂತೆ. ಅವಳು ಕಾಪಾಡಿಕೊಂಡದ್ದು ಎಸ್ಕಮೀಯೊನ ಮೇಲಿನ ಪ್ರೀತಿಯನ್ನಲ್ಲ, ಇಲ್ಲ ಎನ್ನುವ ಅಧಿಕಾರವನ್ನು.

2018ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನಿರ್ದೇಶಕ ಲಿಯೊ ಮುಸ್ಕಾಟೊ ಈ ಅಂತ್ಯವನ್ನು ತಿರುಗಿಸಿ, ಕಾರ್ಮೆನ್ ಹೋಸೆಯ ಪಿಸ್ತೂಲಿನಿಂದ ಅವನನ್ನೇ ಕೊಲ್ಲುವಂತೆ ಮಾಡಿದರು. ಹೆಂಗಸಿನ ಕೊಲೆಗೆ ಚಪ್ಪಾಳೆ ತಟ್ಟುವುದು ಸರಿಯಲ್ಲ ಎಂಬುದು ಅದರ ಹಿಂದಿದ್ದ ವಾದ. ಆ ಕಳಕಳಿ ನನಗೆ ಅರ್ಥವಾಗುತ್ತದೆ. ಒಲ್ಲೆ ಎಂದದ್ದಕ್ಕೆ ಹೆಣ್ಣುಮಕ್ಕಳನ್ನು ಕೊಂದ ಸುದ್ದಿಗಳನ್ನು ನಾವು ಇವತ್ತಿಗೂ ಪತ್ರಿಕೆಯಲ್ಲಿ ಓದುತ್ತಿದ್ದೇವೆ. ಆದರೂ ನನಗೆ ಆ ಬದಲಾವಣೆ ಒಪ್ಪಿಗೆಯಿಲ್ಲ. ಕಾರ್ಮೆನ್ ಬದುಕಿದರೆ ಹೋಸೆ ಮಾಡಿದ್ದು ಏನು ಎಂಬುದನ್ನು ನಾವು ನೋಡುವುದೇ ಇಲ್ಲ. ಬದಲಾಯಿಸಬೇಕಾದ್ದು ಹೋಸೆಯ ಕೊನೆಯ ಸಾಲನ್ನು ಹಾಡಿಸುವ ರೀತಿಯನ್ನು. ನನ್ನನ್ನು ಬಂಧಿಸಿ, ಕೊಂದವನು ನಾನೇ ಎಂದು ಒಪ್ಪಿಕೊಂಡ ಮೇಲೂ ಅವನು ಅವಳನ್ನು ನನ್ನ ಕಾರ್ಮೆನ್ ಎಂದೇ ಕರೆಯುತ್ತಾನೆ. ಇದನ್ನು ಪ್ರೇಮದ ವಿಲಾಪವೆಂದು ಹಾಡಿ ಸಭೆಯ ಕಣ್ಣೀರು ಬೇಡುವ ಗಾಯಕರೇ ಹೆಚ್ಚು. ಅವಳು ಪ್ರಾಣ ಕೊಟ್ಟು ನಿರಾಕರಿಸಿದ ಆ ಒಡೆತನವನ್ನು ಹೋಸೆ ಹೆಣದ ಮುಂದೆಯೂ ಬಿಟ್ಟಿಲ್ಲ ಎಂಬುದು ಕೇಳುವವರಿಗೆ ತಟ್ಟುವಂತೆ ಆ ಸಾಲನ್ನು ಹಾಡಬೇಕು ಎಂಬುದು ನನ್ನ ಬೇಡಿಕೆ.