ಒಂದೇ ನಂಬರು, ಎರಡು ಕಂಪನಿ, ನನ್ನ ಪಾಸು ದಂಡ

ನಮಸ್ಕಾರ ಎಲ್ಲರಿಗೂ. ಇವತ್ತು ಅಕ್ಕಿ ರೊಟ್ಟಿ ವಿಡಿಯೋ ಮಾಡಬೇಕಿತ್ತು. ಹಿಟ್ಟೂ ಕಲಸಿಟ್ಟಿದ್ದೆ. ಅಷ್ಟರಲ್ಲಿ ಒಂದು ಕಾಮೆಂಟ್ ನೋಡಿದೆ. "ಸಾರ್, ನಿಮ್ಮ ಇಂಗ್ಲೆಂಡಿನಲ್ಲಿ ಬಸ್ಸೆಲ್ಲ ಪ್ರೈವೇಟ್. ಪೈಪೋಟಿ ಇದೆ, ಅದಕ್ಕೇ ಸರ್ವಿಸ್ ಸೂಪರ್. ನಮ್ಮ ಕೆಂಪು ಬಸ್ಸನ್ನೂ ಮಾರಿಬಿಡಬೇಕು." ಅದಕ್ಕೆ ನಲವತ್ತು ಲೈಕ್! ರೊಟ್ಟಿ ನಾಳೆ ನೋಡೋಣ.

ಪೈಪೋಟಿ ಇದೆ ಸ್ವಾಮಿ, ಇಲ್ಲ ಅಂದವರು ಯಾರು? ಆದರೆ ಯಾವುದಕ್ಕೆ? ನನ್ನನ್ನು ಹತ್ತಿಸಿಕೊಳ್ಳುವುದಕ್ಕಲ್ಲ. ಕೌನ್ಸಿಲ್, ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ಕೊಡುವ ದುಡ್ಡಿಗೆ. ಈ ಮಾತನ್ನು ಇವತ್ತು ಹತ್ತು ಸಲ ಹೇಳುತ್ತೇನೆ, ಬೇಜಾರಾದರೆ ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ.

ಮೊನ್ನೆ ಗುರುವಾರದ ಕಥೆ. ನಾನಿರುವುದು ಶ್ರಾಪ್‌ಷೈರ್‌ನ ಒಂದು ಹಳ್ಳಿಯಲ್ಲಿ, ವೇಲ್ಸ್ ಗಡಿ ಹತ್ತಿರ. ಕುರಿ ಜಾಸ್ತಿ, ಜನ ಕಡಿಮೆ. ಬೆಳಿಗ್ಗೆ ಪೇಟೆಗೆ ಹೋಗುವ ಬಸ್ಸಿನಲ್ಲಿ ವಾರದ ಪಾಸು ಮಾಡಿಸಿದ್ದೆ. ಸಂಜೆ ಅದೇ ಸ್ಟಾಪು, ಅದೇ ನಂಬರು. ಬಸ್ಸಿನ ಬಣ್ಣ ಮಾತ್ರ ಬೇರೆ. ಸುರಿಯುವ ಮಳೆಯಲ್ಲಿ ಬಣ್ಣ ಯಾರು ನೋಡುತ್ತಾರೆ? ಒದ್ದೆ ಬೆರಳಿನಿಂದ ನಾಲ್ಕು ಸಲ ಉಜ್ಜಿ ಫೋನಿನಲ್ಲಿ ಪಾಸು ತೆಗೆದು ತೋರಿಸಿದೆ. ಡ್ರೈವರ್ ಕನ್ನಡಕ ಏರಿಸಿಕೊಂಡು ನೋಡಿದ. "ಇದು ನಮ್ಮ ಕಂಪನಿಯದಲ್ಲ" ಎಂದ. ಹಿಂದೆ ನಿಂತಿದ್ದ ಅಜ್ಜಿ ಕೊಡೆಯ ನೀರನ್ನೆಲ್ಲ ನನ್ನ ಬೂಟಿನ ಮೇಲೇ ಕೊಡವಿದರು. ಮತ್ತೆ 3 ಪೌಂಡ್ ಕೊಟ್ಟೆ.

ಯಾಕೆ ಹೀಗೆ? ಹಗಲು ಹೊತ್ತು ಲಾಭ ಇದೆ. ಆ ಟ್ರಿಪ್ಪುಗಳನ್ನು ಒಂದು ಕಂಪನಿ ತನ್ನ ಲೆಕ್ಕದಲ್ಲೇ ಓಡಿಸುತ್ತದೆ. ಸಂಜೆ ಜನ ಇಲ್ಲ, ಆ ಟ್ರಿಪ್ಪು ಆ ಕಂಪನಿಗೆ ಬೇಡ. ಆಗ ಕೌನ್ಸಿಲ್ ಟೆಂಡರ್ ಕರೆಯುತ್ತದೆ. ಇನ್ನೊಂದು ಕಂಪನಿ ಕಡಿಮೆ ರೇಟು ಬರೆದು ಅದನ್ನು ಹಿಡಿಯುತ್ತದೆ. ಇವರ ಪಾಸು ಅವರಿಗೆ ಬೇಡ, ಅವರ ಪಾಸು ಇವರಿಗೆ ಬೇಡ. ನಡುವೆ ನಾನು, ಒದ್ದೆ ಕಾಲುಚೀಲ.

ಇದೆಲ್ಲ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸರ್ಕಾರದ ಕಾಲದ್ದು. 1985ರಲ್ಲಿ ಕಾನೂನು ಬಂತು. 1986ರ ಅಕ್ಟೋಬರ್ 26ರಿಂದ ಲೈಸೆನ್ಸ್ ಇರುವ ಯಾರು ಬೇಕಾದರೂ ರೂಟು ನೋಂದಾಯಿಸಿ ಬಸ್ಸು ಓಡಿಸಬಹುದು ಎಂದಾಯಿತು. ಯಾರೂ ಮುಟ್ಟದ ರೂಟಿಗೆ ಮಾತ್ರ ಕೌನ್ಸಿಲ್ ದುಡ್ಡು ಹಾಕಬೇಕು. ಅಂದರೆ ಕೆನೆ ಅವರಿಗೆ, ಮಜ್ಜಿಗೆ ನೀರು ಕೌನ್ಸಿಲ್‌ಗೆ. ಆ ಮಜ್ಜಿಗೆ ನೀರು ಬಡಿಸುವುದಕ್ಕೇ ಈ ಪೈಪೋಟಿ!

ಈಗ ಬುದ್ಧಿವಂತರು ಬರುತ್ತಾರೆ. "ಪೈಪೋಟಿ ಇದ್ದರೆ ಟೆಂಡರ್ ರೇಟು ಇಳಿಯುತ್ತದಲ್ಲ ಸಾರ್?" ಇಳಿಯುತ್ತದೆ, ಇಬ್ಬರು ಬಂದರೆ. ಹತ್ತಿರದಲ್ಲಿ ಡಿಪೋ ಇರುವುದು ಒಬ್ಬನಿಗೇ ಆದರೆ? ದೂರದವನು ಖಾಲಿ ಬಸ್ಸು ಓಡಿಸಿಕೊಂಡು ಬರುವ ಡೀಸೆಲ್ ಖರ್ಚೂ ಸೇರಿಸಿ ರೇಟು ಹಾಕಬೇಕು. ಅವನು ಬರುವುದೇ ಇಲ್ಲ. ಒಬ್ಬನೇ ಓಡಿ ಒಬ್ಬನೇ ಫಸ್ಟ್ ಬಂದರೆ ಅದು ರೇಸಾ? ಇನ್ನೊಂದು ಕೇಳಿ. ಲಾಭ ಇಲ್ಲ ಎಂದು ನೋಟಿಸ್ ಕೊಟ್ಟು ರೂಟು ಬಿಟ್ಟ ಕಂಪನಿಯೇ ನಾಳೆ ಅದೇ ರೂಟಿನ ಟೆಂಡರಿಗೆ ಬರಬಹುದು. ಅದೇ ಬಸ್ಸು, ಅದೇ ಡ್ರೈವರ್. ಬಿಲ್ ಮಾತ್ರ ಕೌನ್ಸಿಲ್‌ಗೆ.

"ಲಂಡನ್ ನೋಡಿ ಸಾರ್" ಎನ್ನಬೇಡಿ. ಥ್ಯಾಚರ್ ಕಾನೂನು ಲಂಡನ್ನನ್ನು ಹೊರಗಿಟ್ಟಿತ್ತು. ಅಲ್ಲಿ ಬಸ್ಸು ಓಡಿಸುವುದು ಖಾಸಗಿಯವರೇ. ಆದರೆ ರೂಟು, ಟೈಮು, ಟಿಕೆಟ್ ದರ ಎಲ್ಲ ಊರಿನ ಸಾರಿಗೆ ಸಂಸ್ಥೆಯದ್ದು. ನೀವು ಸೆಲ್ಫಿ ತೆಗೆದುಕೊಂಡ ಡಬಲ್ ಡೆಕ್ಕರ್ ನಿಮ್ಮ ವಾದಕ್ಕೇ ವಿರುದ್ಧ ಇದೆ! ಗ್ರೇಟರ್ ಮ್ಯಾಂಚೆಸ್ಟರ್ ಕೂಡ 2023ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿ 2025ರ ಜನವರಿಗೆ ಎಲ್ಲ ಬಸ್ಸುಗಳ ಹಿಡಿತವನ್ನು ವಾಪಸ್ ತೆಗೆದುಕೊಂಡಿತು. ಈಗ ಅಲ್ಲಿ ಎಲ್ಲ ಹಳದಿ.

ನಮ್ಮ ಉಡುಪಿ, ಮಂಗಳೂರಿನ ಕಡೆ ಎರಡು ನಿಮಿಷದ ಟೈಮಿಂಗಿಗೆ ಜಗಳ ಆಗುತ್ತದಲ್ಲ, ಅದಾದರೂ ನಮಗಾಗಿ. ಕ್ಲೀನರ್ ಬಾಗಿಲಲ್ಲಿ ನೇತಾಡಿಕೊಂಡು "ಬನ್ನಿ ಬನ್ನಿ" ಎಂದು ಕರೆಯುತ್ತಾನೆ. ಇಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ಇಲ್ಲಿನ ಜಗಳ ಟೆಂಡರ್ ಲಕೋಟೆಯೊಳಗೆ.

ನಮ್ಮ ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಾ? ಮಾಲೀಕರು ಕಂಪನಿ ಮುಚ್ಚಿದಾಗ 1991ರಲ್ಲಿ ಕೆಲಸಗಾರರೇ ಸೇರಿ ಕಟ್ಟಿದ್ದು. ಘಟ್ಟದ ಒಳಗಿನ ಊರುಗಳಿಗೆಲ್ಲ ಬಸ್ಸು ಬಿಟ್ಟರು. 2020ರಲ್ಲಿ ನಿಂತುಹೋಯಿತು. ಅಂಥ ರೂಟಿಗೆ ದುಡ್ಡು ಬೇಕು ಸ್ವಾಮಿ, ಪೈಪೋಟಿ ಅಲ್ಲ. ಬೇಕಾದರೆ ಅದರ ಮೇಲೇ ಒಂದು ವಿಡಿಯೋ ಮಾಡುತ್ತೇನೆ, ಸಾವಿರ ಲೈಕ್ ಬಂದರೆ. ನಲವತ್ತಕ್ಕೆಲ್ಲ ಮಾಡುವುದಿಲ್ಲ.

ಎಲ್ಲಿದ್ದೆ? ಹಾಂ, ಪೈಪೋಟಿ. ದುಡ್ಡಿಗೆ! ಕೌನ್ಸಿಲ್ ದುಡ್ಡಿಗೆ! ನನಗಲ್ಲ! ಇನ್ನೂ ಕಾರಣ ಬೇಕಾ? ಬರೆದಿಟ್ಟಿದ್ದೆ, ಆ ಚೀಟಿ ಮಳೆಯಲ್ಲಿ ನೆನೆದುಹೋಗಿದೆ. ನನ್ನ ಕಾಲುಚೀಲವೇ ಕಾರಣ, ಆಯ್ತಾ? ನಲವತ್ತು ಲೈಕ್ ಕೊಟ್ಟವರೆಲ್ಲ ಒಮ್ಮೆ ಬನ್ನಿ, ಆ ಅಜ್ಜಿಯ ಹಿಂದೆ ನಿಲ್ಲಿಸುತ್ತೇನೆ.

ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಅಯ್ಯೋ, ಹಿಟ್ಟು ಒಣಗುತ್ತಿದೆ, ಬರುತ್ತೇನೆ.